ಗಡ್ಡೆಯ ಸುತ್ತ ಎಷ್ಟು ಮಿಲಿಮೀಟರ್?

ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಅಂದರೆ ಜನರ ಮಾತಿನಲ್ಲಿ ‘ಕರೆಂಟ್’, ಪಡೆಯಲು ಕುಂದಾಪುರದಿಂದಲೋ ಕಾರ್ಕಳದಿಂದಲೋ ಮಣಿಪಾಲಕ್ಕೆ ಬರುವವರ ಚಿಕಿತ್ಸೆ ಸಾಮಾನ್ಯವಾಗಿ ಆರೇಳು ವಾರ ನಡೆಯುತ್ತದೆ. ಮುಖದ ಅಚ್ಚಿಗೆ ಹೊಂದುವ ಪ್ಲಾಸ್ಟಿಕ್ ಮಾಸ್ಕ್ ತೊಡಿಸಿ ತಲೆ ಅಲುಗದಂತೆ ಹಿಡಿದರೂ, ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲದೆ ದಿನವೂ ಒಂದೇ ರೀತಿ ಮಲಗಿಸಲು ಯಾರಿಂದಲೂ ಆಗದು. ಊಟ ಸೇರದೆ ರೋಗಿ ಸೊರಗಿದಂತೆ ಮಾಸ್ಕ್ ಕೂಡ ಸಡಿಲವಾಗುತ್ತದೆ. ಆದ್ದರಿಂದ ಗಡ್ಡೆ ಮತ್ತು ಅದರ ಸುತ್ತ ಕಣ್ಣಿಗೆ ಕಾಣದಂತೆ ಕ್ಯಾನ್ಸರ್ ಹರಡಿರಬಹುದಾದ ಭಾಗದ ಆಚೆಗೆ ಇನ್ನೊಂದು ಸುರಕ್ಷಾ ಅಂಚನ್ನು ಸೇರಿಸುತ್ತಾರೆ.

ಅಂಚು ಧಾರಾಳವಾಗಿದ್ದರೆ ಒಳ್ಳೆಯದಲ್ಲವೇ ಎನ್ನಿಸಬಹುದು. ಆದರೆ 2 ಸೆಂ.ಮೀ. ತ್ರಿಜ್ಯದ ಗೋಳದ ಗಾತ್ರ ಸುಮಾರು 34 ಘನ ಸೆಂ.ಮೀ.; ಸುತ್ತ 5 ಮಿ.ಮೀ. ಸೇರಿಸಿದರೆ 65, 10 ಮಿ.ಮೀ. ಸೇರಿಸಿದರೆ 113. ಹೀಗೆ ಹೆಚ್ಚಿದ ಭಾಗದಲ್ಲಿ ಜೊಲ್ಲುಗ್ರಂಥಿಯೋ ನುಂಗುವ ಸ್ನಾಯುವೋ ಸೇರಿದರೆ, ಕ್ಯಾನ್ಸರ್ ಗುಣವಾದ ಮೇಲೂ ಬಾಯಿ ಒಣಗಿ, ಅನ್ನದ ತುತ್ತು ಇಳಿಯದೆ, ವರ್ಷಗಟ್ಟಲೆ ಗಂಜಿಯಲ್ಲೇ ಕಾಲ ಕಳೆಯಬೇಕಾದೀತು.

ಹಾಗಾದರೆ ಎಷ್ಟು ಸೇರಿಸಬೇಕು? ಅನಿಶ್ಚಿತತೆಯಲ್ಲಿ ಎರಡು ಬಗೆಯಿದೆ. ದಿನದಿನವೂ ಅತ್ತಿತ್ತ ಸರಿಯುವ ಆಕಸ್ಮಿಕ ವ್ಯತ್ಯಾಸವು ಒಟ್ಟು ವಿಕಿರಣ ಪ್ರಮಾಣದ ಅಂಚನ್ನು ಸ್ವಲ್ಪ ಮಸುಕಾಗಿಸುತ್ತದೆ, ಅಷ್ಟೆ. ಚಿಕಿತ್ಸೆಯ ಯೋಜನೆಗಾಗಿ ಮೊದಲಿಗೆ ತೆಗೆಯುವ ಸಿ.ಟಿ. ಸ್ಕ್ಯಾನಿನಲ್ಲೇ ನುಸುಳಿದ ಸ್ಥಿರ ತಪ್ಪಾದರೋ, ದರ್ಜಿ ಮೊದಲಿಗೆ ತಪ್ಪಾಗಿ ತೆಗೆದುಕೊಂಡ ಅಳತೆಯಂತೆ, ಕೊನೆಯವರೆಗೂ ಒಂದೇ ದಿಕ್ಕಿಗೆ ಎಳೆಯುತ್ತದೆ. 2000ದಲ್ಲಿ ನೆದರ್‌ಲ್ಯಾಂಡ್ಸಿನ ಮಾರ್ಸೆಲ್ ವಾನ್ ಹೆರ್ಕ್ ಮತ್ತು ಸಂಗಡಿಗರು ಇದನ್ನು ಸೂತ್ರಕ್ಕಿಳಿಸಿದರು: ಸ್ಥಿರ ತಪ್ಪಿನ ಪ್ರಮಾಣ ವಿಚಲನೆಯ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಲೆಕ್ಕ) 2.5 ಪಟ್ಟಿಗೆ ಆಕಸ್ಮಿಕ ತಪ್ಪಿನದರ 0.7 ಪಟ್ಟು ಕೂಡಿಸಿದಷ್ಟು ಅಂಚಿದ್ದರೆ, ನೂರರಲ್ಲಿ 90 ರೋಗಿಗಳ ಗುರಿಯ ಯಾವ ಭಾಗಕ್ಕೂ ನಿಗದಿತ ವಿಕಿರಣ ಪ್ರಮಾಣದ ಶೇ. 95ಕ್ಕಿಂತ ಕಡಿಮೆ ಬೀಳದು. ಎರಡೂ 2 ಮಿ.ಮೀ. ಇದ್ದರೆ ಅಂಚು 6.4 ಮಿ.ಮೀ. ಆಕಸ್ಮಿಕವನ್ನು ಅರ್ಧಕ್ಕಿಳಿಸಿದರೆ 5.7, ಸ್ಥಿರವನ್ನು ಅರ್ಧಕ್ಕಿಳಿಸಿದರೆ 3.9.

ಈ ಅಂತರ ಬರೀ ಕಾಗದದ ಲೆಕ್ಕವಲ್ಲ. ಯೋಜನೆಯ ಸ್ಕ್ಯಾನಿನ ದಿನ ಗುದನಾಳ ಉಬ್ಬಿದ್ದ (ಉಬ್ಬಿದ ಗುದನಾಳ ಪಕ್ಕದ ಪ್ರಾಸ್ಟೇಟ್ ಗ್ರಂಥಿಯನ್ನು ಜರುಗಿಸುತ್ತದೆ) ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ, ದಿನವೂ ಚಿತ್ರ ತೆಗೆದು ಸರಿಪಡಿಸದೆ ಚಿಕಿತ್ಸೆ ಕೊಟ್ಟಾಗ, ರೋಗ ಮರುಕಳಿಸುವುದು ಹೆಚ್ಚೆಂದು 2005ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಅಧ್ಯಯನವೊಂದು ತೋರಿಸಿತು. ಆ ಒಂದು ದಿನದ ಸಿದ್ಧತೆಗೆ ಆಸ್ಪತ್ರೆಗಳು ಎಷ್ಟು ಗಮನ ಕೊಟ್ಟರೂ ಹೆಚ್ಚಲ್ಲ.

ಈಗ ಚಿಕಿತ್ಸೆಯ ಯಂತ್ರದಲ್ಲೇ ದಿನವೂ ಸ್ಕ್ಯಾನ್ ಮಾಡಿ ರೋಗಿಯ ಸ್ಥಾನ ಸರಿಪಡಿಸಬಹುದು, ಅಂಚನ್ನೂ ಕಿರಿದಾಗಿಸಬಹುದು. ಆದರೆ ಗಡ್ಡೆಯ ಗಡಿಯನ್ನು ಗುರುತಿಸುವುದು ವೈದ್ಯರು. ಒಂದೇ ಚಿತ್ರದ ಮೇಲೆ ಇಬ್ಬರು ತಜ್ಞರು ಎಳೆದ ಗೆರೆಗಳ ನಡುವೆಯೇ ಹಲವು ಮಿಲಿಮೀಟರ್ ಅಂತರವಿರಬಹುದು. ಇದೂ ಸ್ಥಿರ ತಪ್ಪೇ, ಮತ್ತು ದಿನದಿನದ ಸ್ಕ್ಯಾನ್ ಇದನ್ನು ತಿದ್ದಲಾರದು.