ಫಿಲ್ಮ್ ಸ್ಕ್ಯಾನರ್‌ಗೆ ಬೆಳಕು: ಸಿಆರ್‌ಐ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್ ಜೋಡಿಸಿ ಮನೆಯಲ್ಲೇ 35 ಮಿ.ಮೀ. ಫಿಲ್ಮ್ ಸ್ಕ್ಯಾನ್ ಮಾಡಹೊರಟವರಿಗೆ ಮೊದಲು ಸಿಗುವ ಸಲಹೆ, ಸಿಆರ್‌ಐ (ಬಣ್ಣ ತೋರಿಕೆಯ ಸೂಚ್ಯಂಕ) 95ಕ್ಕಿಂತ ಹೆಚ್ಚಿರುವ ಬಿಳಿ ಎಲ್‌ಇಡಿ ಕೊಳ್ಳಿ ಎಂಬುದು. ಸ್ಲೈಡ್‌ಗಳ, ಅಂದರೆ ಚಿತ್ರ ನೇರವಾಗಿ ನಿಜ ಬಣ್ಣದಲ್ಲೇ ಮೂಡುವ ಫಿಲ್ಮ್‌ಗಳ ಮಟ್ಟಿಗೆ ಇದು ಸರಿ. ಸ್ಲೈಡ್ ಇರುವುದು ಕಣ್ಣಿನಿಂದ ನೋಡಲೆಂದೇ, ಸಿಆರ್‌ಐ ಅಳೆಯುವುದೂ ಬಣ್ಣಗಳು ಕಣ್ಣಿಗೆ ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದನ್ನೇ. ಆದರೆ ಸಿಆರ್‌ಐ ಎಂಬುದು ಮಾದರಿ ಬಣ್ಣಗಳ ಅಂಕಿಗಳ ಸರಾಸರಿ; ಅದಕ್ಕೆ ಮೊದಲ 8 ಬಣ್ಣಗಳು ಮಾತ್ರ ಸೇರುವುದರಿಂದ, ಕಡುಗೆಂಪಿನ ಆರ್9 ಅಂಕಿಯನ್ನು ಪ್ರತ್ಯೇಕವಾಗಿ ನೋಡಬೇಕು.

ಬಣ್ಣದ ನೆಗೆಟಿವ್‌ನ ಲೆಕ್ಕವೇ ಬೇರೆ. ನನ್ನ ತಲೆಗೆ ಹತ್ತಲು ಬಹಳ ಹೊತ್ತು ಹಿಡಿದದ್ದು ಇದೇ ಆದ್ದರಿಂದ ಬಿಡಿಸಿ ಬರೆಯುತ್ತೇನೆ. ನೆಗೆಟಿವ್ ರೂಪುಗೊಂಡದ್ದು ಕಣ್ಣಿಗಾಗಿ ಅಲ್ಲ, ಮುದ್ರಣ ಕಾಗದಕ್ಕಾಗಿ. ಅದರಲ್ಲಿರುವ ಹಳದಿ ವರ್ಣದ್ರವ್ಯ ನೀಲಿಯನ್ನೂ, ಮೆಜೆಂಟಾ ಹಸಿರನ್ನೂ, ಸಯಾನ್ ಕೆಂಪನ್ನೂ ತಡೆಯುತ್ತವೆ. ಅವುಗಳ ಹೀರಿಕೆಯ ಶಿಖರಗಳು ಸ್ಥೂಲವಾಗಿ 450, 550 ಮತ್ತು 690 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿವೆ. ಕಾಗದದ ಪದರಗಳೂ ಈ ಶಿಖರಗಳ ಬಳಿಯೇ ಚುರುಕು, ಹಸಿರು ಮತ್ತು ಕೆಂಪಿನ ನಡುವೆ ಬಹುಮಟ್ಟಿಗೆ ಕುರುಡು. ಬಣ್ಣದ ಕತ್ತಲಕೋಣೆಯಲ್ಲಿ 589 ನ್ಯಾನೋಮೀಟರ್‌ನ ಸೋಡಿಯಂ ದೀಪವನ್ನು ಮಂದವಾಗಿ ಉರಿಸಲು ಸಾಧ್ಯವಾಗುತ್ತಿದ್ದುದು ಈ ಕುರುಡಿನಿಂದಲೇ.

ಕ್ಯಾಮೆರಾ ಸೆನ್ಸರ್‌ಗೆ ಅಲ್ಲಿ ಕುರುಡಿಲ್ಲ. ಅದರ ಹಸಿರು, ಕೆಂಪು ಶೋಧಕಗಳೆರಡೂ 580ರಿಂದ 600ರವರೆಗಿನ ಬೆಳಕನ್ನು ಒಳಬಿಡುತ್ತವೆ. ನೆಗೆಟಿವ್‌ನ ಒಂದೆಡೆ ಮೆಜೆಂಟಾ ಮಾತ್ರ ಹೆಚ್ಚಿದೆ, ಸಯಾನ್ ಇದ್ದಂತೆಯೇ ಇದೆ ಎನ್ನೋಣ. ಆಗ ಸೆನ್ಸರ್ ದಾಖಲಿಸುವ ಮೂರು ಬಣ್ಣಗಳಲ್ಲಿ ಹಸಿರಿನ ಭಾಗ, ಅಂದರೆ ಹಸಿರು ಚಾನೆಲ್ ಮಾತ್ರ ಇಳಿಯಬೇಕು; ಬಿಳಿ ಬೆಳಕಿನಲ್ಲಾದರೆ ಈ ನಡುವಿನ ಪಟ್ಟಿಯ ಮೂಲಕ ಕೆಂಪು ಚಾನೆಲ್ ಕೂಡ ಜೊತೆಗೇ ಇಳಿದು, ಬಣ್ಣಗಳು ಕಲಸಿಹೋಗುತ್ತವೆ. ಸಿಆರ್‌ಐ 98 ಇದ್ದರೂ ಇದು ಹೋಗದು, ಏಕೆಂದರೆ ಒಳ್ಳೆಯ ಬಿಳಿ ಬೆಳಕಿನಲ್ಲಿ ಆ ಪಟ್ಟಿ ಚೆನ್ನಾಗಿಯೇ ತುಂಬಿರುತ್ತದೆ.

ಹಾಗಾಗಿ ನೆಗೆಟಿವ್‌ಗೆ ನನ್ನ ಆಯ್ಕೆ ಪ್ರತ್ಯೇಕ ಕೆಂಪು, ಹಸಿರು, ನೀಲಿ ಎಲ್‌ಇಡಿಗಳು; ಅವುಗಳ ಬೆಳಕಿನಲ್ಲಿ ಆ ನಡುವಿನ ಪಟ್ಟಿ ಬಹುಮಟ್ಟಿಗೆ ಖಾಲಿ. ಅಲಂಕಾರದ ಆರ್‌ಜಿಬಿ ಪಟ್ಟಿಗಳಲ್ಲಿ ಕೆಂಪು ಸಾಮಾನ್ಯವಾಗಿ 620-630ರಲ್ಲಿರುತ್ತದೆ. ಸಯಾನ್ ಶಿಖರಕ್ಕೆ ಇನ್ನಷ್ಟು ಹತ್ತಿರವಿರುವ 660 ಮೇಲು. ಅದನ್ನೂ ಮೀರಿ ಹೋದರೆ ಕ್ಯಾಮೆರಾದೊಳಗಿನ ಅವಗೆಂಪು ಶೋಧಕವೇ ಬೆಳಕನ್ನು ನುಂಗುತ್ತದೆ. ಬಣ್ಣದ ನೆಗೆಟಿವ್‌ನ ತುಂಬ ಹರಡಿರುವ ಕಿತ್ತಳೆ ಛಾಯೆ (ಕಿತ್ತಳೆ ಮಾಸ್ಕ್) ನೀಲಿಯನ್ನು ಹೆಚ್ಚು ತಡೆಯುವುದರಿಂದ ನೀಲಿ ಎಲ್‌ಇಡಿಗೆ ಹೆಚ್ಚು ಪ್ರಖರತೆ ಕೊಡಬೇಕು, ಇಲ್ಲವೇ ಮೂರು ಬಣ್ಣಗಳಿಗೂ ಬೇರೆ ಬೇರೆ ಎಕ್ಸ್‌ಪೋಷರ್ ತೆಗೆದು ಜೋಡಿಸಬೇಕು. ಇದೇ ದೀಪದಲ್ಲಿ ಸ್ಲೈಡ್ ತೆಗೆದರೆ ಮಾತ್ರ ಬಣ್ಣಗಳು ಹಾದಿ ತಪ್ಪುತ್ತವೆ.

ಕಪ್ಪುಬಿಳುಪಿಗೆ ಚದುರಿದ ಬೆಳಕು ಯಾವುದಾದರೂ ಆದೀತು, ಗೀರುಗಳೂ ಅದರಲ್ಲಿ ಕಡಿಮೆ ಎದ್ದುಕಾಣುತ್ತವೆ. ಬೆಳಕನ್ನು ಚದುರಿಸುವ ಹಾಲುಬಿಳಿ ಅಕ್ರಿಲಿಕ್ ಹಾಳೆ ಫಿಲ್ಮ್‌ಗೆ ತಾಗದೆ ತುಸು ದೂರವಿರಲಿ, ಇಲ್ಲದಿದ್ದರೆ ಅದರ ಮೇಲಿನ ಧೂಳೂ ಫೋಕಸ್‌ಗೆ ಬರುತ್ತದೆ. ದೀಪವನ್ನು ಅತಿ ವೇಗವಾಗಿ ಹೊತ್ತಿಸಿ ಆರಿಸಿ ಬೆಳಕು ತಗ್ಗಿಸುವ ಪಿಡಬ್ಲ್ಯುಎಂ ಡಿಮ್ಮರ್ ಇದ್ದರೆ ವಿದ್ಯುನ್ಮಾನ ಶಟರ್‌ನಲ್ಲಿ ಅಡ್ಡಪಟ್ಟೆಗಳು ಮೂಡುವುದರಿಂದ, ಸ್ಥಿರ ವಿದ್ಯುತ್ ಹರಿಸುವ ಡ್ರೈವರ್ ಕೊಳ್ಳುವುದು ಒಳ್ಳೆಯದು.