ಸ್ಯಾಂಪ್ಲಿಂಗ್: ಸ್ವರವನ್ನು ಬಾಲಸಮೇತ ಹಿಡಿಯುವುದು

ಡಿಜಿಟಲ್ ಧ್ವನಿಯ ಮಾತು ಬಂದಾಗ ‘ಸ್ಯಾಂಪಲ್’ ಎಂಬ ಒಂದೇ ಪದ ಎರಡು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಎಂಜಿನಿಯರ್‌ಗೆ ಸ್ಯಾಂಪಲ್ ಎಂದರೆ ಒಂದು ಅಂಕಿ. ಧ್ವನಿಯ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿಟ್ಟರೆ ಅದು ಸಿ.ಡಿ.ಯ ಗುಣಮಟ್ಟ, ಆ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಸಂಗೀತಗಾರರಿಗೆ ಸ್ಯಾಂಪಲ್ ಎಂದರೆ ಅಂಥ ಲಕ್ಷಾಂತರ ಅಂಕಿಗಳು ಕೂಡಿ ಆದ ಒಂದು ಇಡೀ ಸ್ವರ: ಪಿಟೀಲಿನ ಒಂದು ಕಮಾನೆಳೆತ, ಕೊಳಲಿನ ಒಂದು ಉಸಿರು. ಇಲ್ಲಿ ಹೇಳಹೊರಟಿರುವುದು ಈ ಎರಡನೆಯದನ್ನು. ನಿಜವಾದ ವಾದ್ಯದ ಒಂದೊಂದೇ ಸ್ವರವನ್ನು ಧ್ವನಿಮುದ್ರಿಸಿ, ಕೀಲಿಮಣೆಯ ಒಂದೊಂದು ಕೀಗೆ ಕಟ್ಟಿ, ಒತ್ತಿದಾಗ ಅದೇ ಸ್ವರ ಹೊರಡುವಂತೆ ಮಾಡುವ ಕೆಲಸಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಸಿಂಥಸೈಜರ್ ಧ್ವನಿಯನ್ನು ಹುಟ್ಟಿಸುತ್ತದೆ. ಸ್ಯಾಂಪ್ಲರ್ ಹಿಂದೆಂದೋ ಹುಟ್ಟಿದ್ದನ್ನು ಮರಳಿ ಕೇಳಿಸುತ್ತದೆ.

ಈ ಉಪಾಯ ಟೇಪಿನ ಕಾಲದ್ದು. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೊರಬಂದ ಮೆಲೋಟ್ರಾನ್ ವಾದ್ಯದ ಪ್ರತಿ ಕೀ ಕೆಳಗೂ ಒಂದು ಟೇಪ್ ಪಟ್ಟಿ ಇತ್ತು. ಕೀ ಒತ್ತಿದರೆ ಟೇಪ್ ಓಡಿ ಸ್ವರ ಕೇಳಿಸುತ್ತಿತ್ತು. ಸುಮಾರು 8 ಸೆಕೆಂಡಿಗೆ ಪಟ್ಟಿ ಮುಗಿದು, ಒತ್ತಿಕೊಂಡೇ ಇದ್ದರೂ ವಾದ್ಯ ಮೌನವಾಗುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯಾದ ಫೇರ್‌ಲೈಟ್ ಸಿ.ಎಂ.ಐ. ಎಂಬ ಕಂಪ್ಯೂಟರ್ ವಾದ್ಯ ಟೇಪಿನ ಜಾಗಕ್ಕೆ ಮೆಮೊರಿಯನ್ನು ತಂದಿತು. 1990ರ ದಶಕದ ಕೊನೆಗೆ ಗಿಗಾಸ್ಯಾಂಪ್ಲರ್ ತಂತ್ರಾಂಶ ಸ್ವರದ ಮೊದಲ ತುಣುಕನ್ನು ಮಾತ್ರ ಮೆಮೊರಿಯಲ್ಲಿಟ್ಟು, ಉಳಿದದ್ದನ್ನು ನುಡಿಸುತ್ತಿರುವಾಗಲೇ ಹಾರ್ಡ್ ಡಿಸ್ಕ್‌ನಿಂದ ಎಳೆದುಕೊಳ್ಳತೊಡಗಿತು. ಅಲ್ಲಿಗೆ ಜಾಗದ ಬಡತನ ನೀಗಿತು.

ಆದರೆ ಜಾಗ ಸಿಕ್ಕ ಮಾತ್ರಕ್ಕೆ ವಾದ್ಯವೃಂದ ಸಿಗಲಿಲ್ಲ. ಒಂದೇ ಸ್ವರವನ್ನು ಮುದ್ರಿಸಿಕೊಂಡು ಉಳಿದವನ್ನು ಅದರಿಂದಲೇ ಹಿಗ್ಗಿಸಿ ಕುಗ್ಗಿಸಿ ಮಾಡಿಕೊಳ್ಳಬಹುದಲ್ಲ ಎಂದು ಯಾರಿಗೂ ಮೊದಲು ತೋರುತ್ತದೆ. ಮಾಡಿ ನೋಡಿದರೆ ಪಿಟೀಲು ನಾಲ್ಕೈದು ಸ್ವರ ಮೇಲೇರುವಷ್ಟರಲ್ಲಿ ಆಟಿಕೆಯಂತೆ ಕೀರಲಾಗುತ್ತದೆ. ನಿಜವಾದ ಪಿಟೀಲಿನಲ್ಲಿ ಸ್ವರ ಬದಲಾದರೂ ಮರದ ಒಡಲು ಬದಲಾಗುವುದಿಲ್ಲ. ಹಿಗ್ಗಿಸಿ ಕುಗ್ಗಿಸಿದಾಗ ಸ್ವರದ ಜೊತೆಗೆ ಆ ಒಡಲಿನ ಗಾತ್ರವೂ ಬದಲಾದಂತೆ ಕೇಳುತ್ತದೆ. ಹಾಗಾಗಿ ಸಾಧ್ಯವಾದಷ್ಟೂ ಪ್ರತಿ ಸ್ವರವನ್ನೂ ಮುದ್ರಿಸಬೇಕು. ಮೆಲ್ಲಗೆ ನುಡಿಸಿದ್ದು, ಜೋರಾಗಿ ನುಡಿಸಿದ್ದು ಬೇರೆ ಬೇರೆ ಬೇಕು, ಏಕೆಂದರೆ ತುತ್ತೂರಿಯನ್ನು ಜೋರಾಗಿ ಊದಿದಾಗ ಸದ್ದು ಹೆಚ್ಚುವುದಷ್ಟೇ ಅಲ್ಲ, ಅದರ ಬಣ್ಣವೇ ಬೇರೆಯಾಗುತ್ತದೆ. ಒಂದೇ ಸ್ವರವನ್ನು ಒಂದೇ ಬಲದಲ್ಲಿ ಹಲವು ಸಲ ಮುದ್ರಿಸಿಕೊಳ್ಳುವುದೂ ಉಂಟು. ಟಿಂಪನಿ ನಗಾರಿಯ ಒಂದೇ ಪೆಟ್ಟನ್ನು ಹದಿನಾರು ಬಾರಿ ಮರುಕಳಿಸಿದರೆ ಅದು ಮೆಷಿನ್ ಗನ್. ಎರಡೇ ಕ್ಷಣದಲ್ಲಿ ಕಿವಿ ಮೋಸವನ್ನು ಪತ್ತೆಹಚ್ಚುತ್ತದೆ. ನಾಲ್ಕು ಬೇರೆ ಪೆಟ್ಟುಗಳನ್ನು ಸರದಿಯಲ್ಲಿ ಬಿಟ್ಟರೆ ಅದೇ ಕಿವಿ ಒಪ್ಪುತ್ತದೆ.

ವಾದ್ಯವೃಂದದ ನಿಜವಾದ ಕಷ್ಟ ಸ್ವರದಲ್ಲಿಲ್ಲ, ಎರಡು ಸ್ವರಗಳ ನಡುವಿನ ದಾರಿಯಲ್ಲಿದೆ. ಕಮಾನು ತಡೆಯದೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಲೆಗಾಟೊವನ್ನು ಬಿಡಿ ಸ್ವರಗಳಿಂದ ಹೊಲಿದರೆ ಹೊಲಿಗೆ ಕಾಣುತ್ತದೆ. ಚೆಲ್ಲೊ ವಾದಕ ಹರ್ಬ್ ಟುಕ್‌ಮಾಂಡ್ಲ್ ಕಟ್ಟಿದ ವಿಯೆನ್ನಾ ಸಿಂಫನಿಕ್ ಲೈಬ್ರರಿ ಎಂಬ ಸ್ಯಾಂಪಲ್ ಸಂಗ್ರಹ ಹೆಸರಾದದ್ದು ಈ ನಡುದಾರಿಯನ್ನೇ ಮುದ್ರಿಸಿದ್ದರಿಂದ. ಲೆಕ್ಕ ಹಾಕಿ ನೋಡಿ: ಒಂದು ಸ್ವರದಿಂದ ಮೇಲಕ್ಕೆ 12, ಕೆಳಕ್ಕೆ 12 ದಾರಿಗಳು. ಸ್ಥಾಯಿಗೆ 12 ಸ್ವರದಂತೆ ಮೂರು ಸ್ಥಾಯಿಗಳಿಗೆ ಎಂಟುನೂರರ ಆಸುಪಾಸು. ಅದೂ ಒಂದೇ ವಾದ್ಯ, ಒಂದೇ ಬಲ. ತಿಂಗಳುಗಟ್ಟಲೆ ಕುಳಿತು ಸ, ರಿ ಎಂದು ಎರಡೆರಡೇ ಸ್ವರ ನುಡಿಸಿದ ವಾದಕರ ತಾಳ್ಮೆಗೆ ನನಗಂತೂ ಅಚ್ಚರಿಯಾಗುತ್ತದೆ.

ಚರ್ಚುಗಳಲ್ಲಿರುವ, ಕೊಳವೆಗಳಿಗೆ ಗಾಳಿ ಊದಿ ಸ್ವರ ಹೊರಡಿಸುವ ದೊಡ್ಡ ವಾದ್ಯ ಪೈಪ್ ಆರ್ಗನ್ ಇದಕ್ಕೆ ತದ್ವಿರುದ್ಧ. ಅದರ ಕೀಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಬಹುಮಟ್ಟಿಗೆ ಒಂದೇ: ಕವಾಟ ತೆರೆಯುತ್ತದೆ, ಕೊಳವೆಗೆ ಗಾಳಿ ನುಗ್ಗುತ್ತದೆ, ಬಿಡುವವರೆಗೂ ಒಂದೇ ಸಮನೆ ಮೊಳಗುತ್ತದೆ. ಬಲದ ಪದರಗಳು ಬೇಡ, ಲೆಗಾಟೊದ ತಲೆನೋವಿಲ್ಲ. ಸ್ಯಾಂಪ್ಲಿಂಗ್‌ಗೆಂದೇ ಹೇಳಿ ಮಾಡಿಸಿದ ವಾದ್ಯ ಎನ್ನಬಹುದು. ಅಮೆರಿಕದ ಅಲೆನ್ ಸಂಸ್ಥೆ 1971ರಲ್ಲೇ ಡಿಜಿಟಲ್ ಆರ್ಗನ್ ಮಾರಾಟಕ್ಕೆ ತಂದಿದ್ದರಲ್ಲಿ ಆಶ್ಚರ್ಯವಿಲ್ಲ. ಇಂದು ಹೌಪ್ಟ್‌ವೆರ್ಕ್, ಉಚಿತವಾಗಿ ಸಿಗುವ ಗ್ರ್ಯಾಂಡ್‌ಆರ್ಗ್ ಮುಂತಾದ ತಂತ್ರಾಂಶಗಳಲ್ಲಿ ಒಂದು ಚರ್ಚಿನ ಇಡೀ ಆರ್ಗನ್ ಕೊಳವೆ ಕೊಳವೆಯಾಗಿ ಬಂದು ಕೂರುತ್ತದೆ. 61 ಕೀಗಳ ಕೀಲಿಮಣೆಯಲ್ಲಿ ಒಂದು ಸ್ಟಾಪ್‌ಗೆ, ಅಂದರೆ ಗುಬ್ಬಿ ಎಳೆದು ಆರಿಸಿಕೊಳ್ಳುವ ಒಂದು ಬಗೆಯ ಧ್ವನಿಗೆ, 61 ಕೊಳವೆ. ಐವತ್ತು ಸ್ಟಾಪ್‌ಗಳಿದ್ದರೆ ಸುಮಾರು ಮೂರು ಸಾವಿರ.

ಹಾಗಾದರೆ ಕಷ್ಟ ಎಲ್ಲಿ? ಬಿಟ್ಟಮೇಲೆ. ದೊಡ್ಡ ಕಲ್ಲಿನ ಚರ್ಚಿನಲ್ಲಿ ಕೀಯಿಂದ ಬೆರಳೆತ್ತಿದರೆ ಕೊಳವೆ ಸುಮ್ಮನಾಗುತ್ತದೆ, ಕಟ್ಟಡ ಸುಮ್ಮನಾಗುವುದಿಲ್ಲ. ನಾಲ್ಕೈದು ಸೆಕೆಂಡ್ ಗುಂಗು ಚಾವಣಿಯ ಕಮಾನುಗಳ ಸುತ್ತ ಅಲೆಯುತ್ತದೆ. ಅದನ್ನು ‘ರಿಲೀಸ್ ಸ್ಯಾಂಪಲ್’ ಎಂದು ಪ್ರತ್ಯೇಕವಾಗಿ ಇಟ್ಟುಕೊಂಡು, ಬೆರಳು ಎತ್ತಿದ ಕೂಡಲೇ ಸ್ವರಕ್ಕೆ ಅಂಟಿಸಬೇಕು. ಈ ಗುಂಗಿನ ಬಾಲ ಒಂದೇ ಸಾಲದು. ದೀರ್ಘವಾಗಿ ಮೊಳಗಿದ ಸ್ವರ ಕಟ್ಟಡವನ್ನೆಲ್ಲ ತುಂಬಿರುತ್ತದೆ. ಕ್ಷಣಮಾತ್ರ ತಟ್ಟಿ ಬಿಟ್ಟ ಸ್ವರಕ್ಕೆ ತುಂಬಲು ಸಮಯವೇ ಇರುವುದಿಲ್ಲ. ದೀರ್ಘ ಸ್ವರದ ಬಾಲವನ್ನು ಚುಟುಕು ಸ್ವರಕ್ಕೆ ಕಟ್ಟಿದರೆ ‘ಟಕ್’ ಎಂದದ್ದಕ್ಕೆ ಗುಡುಗಿನ ಉತ್ತರ ಬರುತ್ತದೆ. ಆದ್ದರಿಂದ ಒಂದೇ ಕೊಳವೆಯನ್ನು ಚುಟುಕಾಗಿ, ಮಧ್ಯಮವಾಗಿ, ದೀರ್ಘವಾಗಿ ನುಡಿಸಿ ಮೂರು ಬಾಲಗಳನ್ನು ಮುದ್ರಿಸುತ್ತಾರೆ. ಎಷ್ಟು ಹೊತ್ತು ಒತ್ತಿದ್ದಿರಿ ಎಂಬುದನ್ನು ನೋಡಿ ತಂತ್ರಾಂಶ ಆರಿಸಿಕೊಳ್ಳುತ್ತದೆ.

ಇನ್ನೊಂದು ಕಾಟ ಗಾಳಿಯೂದುವ ಯಂತ್ರದ್ದು. ಅದರ ‘ಹುಸ್’ ಸದ್ದು ಪ್ರತಿ ಮುದ್ರಣದಲ್ಲೂ ಸೇರಿರುತ್ತದೆ. ಹತ್ತು ಬೆರಳಿಗೆ ಐದು ಸ್ಟಾಪ್ ಎಳೆದರೆ ಐವತ್ತು ಯಂತ್ರಗಳು ಒಟ್ಟಿಗೆ ಊದಿದಂತೆ! ಅದಕ್ಕೇ ಪ್ರತಿ ಸ್ವರದಿಂದ ಆ ಸದ್ದನ್ನು ಸೋಸಿ ತೆಗೆಯಬೇಕು. ತಮಾಷೆಯೆಂದರೆ, ಅಷ್ಟು ಕಷ್ಟಪಟ್ಟು ತೆಗೆದದ್ದನ್ನು ಕೊನೆಗೆ ಒಂದೇ ಒಂದು ಎಳೆಯಾಗಿ ಮರಳಿ ಸೇರಿಸುತ್ತಾರೆ. ಅದಿಲ್ಲದಿದ್ದರೆ ಸ್ವರಗಳ ನಡುವಿನ ಮೌನ ಸತ್ತಂತೆ ಕೇಳುತ್ತದೆ.

ಕಟ್ಟಡದ ಗುಂಗನ್ನೂ ಒಳಗೊಂಡ ಸ್ಯಾಂಪಲ್‌ಗೆ ಈ ವಲಯದಲ್ಲಿ ‘ವೆಟ್’ ಎನ್ನುತ್ತಾರೆ, ಗುಂಗಿಲ್ಲದ್ದಕ್ಕೆ ‘ಡ್ರೈ’. ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ನುಡಿಸುವವರಿಗೆ ನಾನು ವೆಟ್ ಅನ್ನೇ ಸೂಚಿಸುತ್ತೇನೆ. ಆರ್ಗನ್ನಿಗೆ ಅದರ ಕಟ್ಟಡವೂ ವಾದ್ಯದ ಭಾಗವೇ. ಅದೇ ವೆಟ್ ಸ್ಯಾಂಪಲನ್ನು ಒಯ್ದು ನಿಜವಾದ ಚರ್ಚಿನ ಸ್ಪೀಕರ್‌ಗಳಲ್ಲಿ ಕೇಳಿಸಿದರೆ ಮಾತ್ರ ಒಂದು ಚರ್ಚಿನೊಳಗೆ ಇನ್ನೊಂದು ಚರ್ಚು ಮೊಳಗಿ, ಯಾವ ಸ್ವರ ಯಾವಾಗ ಮುಗಿಯಿತೆಂದೇ ತಿಳಿಯುವುದಿಲ್ಲ.