ಒಂದೇ ಅಥೀನಾ, ಎರಡು ನಗರ: ಗ್ರೀಕ್ ಬೆಳ್ಳಿ ನಾಣ್ಯ ಓದುವ ಕ್ರಮ

ಹಳೆಯ ಗ್ರೀಕ್ ನಾಣ್ಯದಲ್ಲಿ ಶಿರಸ್ತ್ರಾಣ ತೊಟ್ಟ ಹೆಣ್ಣುಮುಖ ಕಂಡೊಡನೆ ‘ದೇವತೆ ಅಥೀನಾ, ಹಾಗಾಗಿ ಅಥೆನ್ಸ್’ ಎಂದು ಬರೆದುಬಿಡುವುದು ಹೊಸಬರ ಮಾಮೂಲಿ ತಪ್ಪು. ಇನ್ನೊಂದು ಗ್ರೀಕ್ ನಗರ ಕೊರಿಂಥದ ನಾಣ್ಯದಲ್ಲೂ ಅವಳೇ ಇದ್ದಾಳೆ. ಮೊದಲು ತೂಕ, ಆಮೇಲೆ ಅಕ್ಷರ, ಕೊನೆಗೆ ಪುರಾಣ ಎಂಬ ಕ್ರಮ ಇಟ್ಟುಕೊಳ್ಳಿ.

ಅಥೆನ್ಸಿನಲ್ಲಿ ಆರು ಒಬೊಲ್‌ಗೆ ಒಂದು ಡ್ರಾಕ್ಮಾ, ತೂಕ ಸುಮಾರು 4.3 ಗ್ರಾಂ. ನಾಲ್ಕು ಡ್ರಾಕ್ಮಾದ ಟೆಟ್ರಾಡ್ರಾಕ್ಮ್ 17.2 ಗ್ರಾಂ. ಕೊರಿಂಥದ ಮುಖ್ಯ ಬೆಳ್ಳಿ ನಾಣ್ಯ ಸ್ಟೇಟರ್ ಇದರ ಅರ್ಧ, 8.6 ಗ್ರಾಂ, ಆದರೆ ಅಲ್ಲಿಯವರು ಅದನ್ನು ಮೂರು ಡ್ರಾಕ್ಮಾ ಎಂದು ಎಣಿಸುತ್ತಿದ್ದರು. ಹಾಗಾಗಿ ಊರಿನ ಹೆಸರಿಲ್ಲದೆ ‘ಡ್ರಾಕ್ಮಾ’ ಎಂದಷ್ಟೇ ಬರೆದರೆ ತೂಕ ತಿಳಿಯುವುದಿಲ್ಲ.

ಅಥೆನ್ಸಿನ ನಾಣ್ಯದ ಮುಮ್ಮುಖದಲ್ಲಿ ಅಥೀನಾ, ಹಿಮ್ಮುಖದಲ್ಲಿ ಅವಳ ಗೂಬೆ. ಗೂಬೆಯ ಮೈ ಬಲಕ್ಕೆ, ಮುಖ ಮಾತ್ರ ನಮ್ಮತ್ತ. ಹಿಂದೆ ಆಲಿವ್ ಚಿಗುರು, ಪುಟ್ಟ ಚಂದ್ರರೇಖೆ. ಮುಂದೆ ಆಲ್ಫಾ, ಥೀಟಾ, ಎಪ್ಸಿಲಾನ್, ಅಂದರೆ ‘ಅಥೆನ್ಸಿನವರ’ ಎಂಬುದರ ಮೊದಲ ಅಕ್ಷರಗಳು. ನಗರದ ಒಡೆತನಕ್ಕಾಗಿ ಸಮುದ್ರದೇವ ಪೊಸೈಡನ್ ಉಪ್ಪುನೀರಿನ ಬುಗ್ಗೆ ಚಿಮ್ಮಿಸಿದ, ಅಥೀನಾ ಆಲಿವ್ ಮರ ಕೊಟ್ಟು ಗೆದ್ದಳು. ಚಿಗುರು ಆ ಗೆಲುವಿನದು. ಕಾಲ ಗುರುತಿಸಲು ಎರಡು ಸುಳಿವು: ಶಿರಸ್ತ್ರಾಣದ ಮೇಲಿನ ಆಲಿವ್ ಎಲೆಗಳೂ ಚಂದ್ರರೇಖೆಯೂ ಪರ್ಷಿಯನ್ ಯುದ್ಧಗಳ (ಕ್ರಿ.ಪೂ. 490–479) ನಂತರದವು. ಪಕ್ಕಮುಖದಲ್ಲೂ ಕಣ್ಣು ಪೂರ್ತಿ ಬಾದಾಮಿ ಆಕಾರದಲ್ಲಿದ್ದರೆ ಕ್ರಿ.ಪೂ. 5ನೇ ಶತಮಾನ ಅಥವಾ ಇನ್ನೂ ಹಿಂದಿನದು. ಬದಿಯಿಂದ ಕಾಣುವಂತೆ ಕೊರೆದಿದ್ದರೆ 4ನೇ ಶತಮಾನ.

ಕೊರಿಂಥದ ಕಥೆ ಇದಕ್ಕಿಂತ ಸೊಗಸು. ಹಾವುಗೂದಲಿನ ರಾಕ್ಷಸಿ ಮೆಡೂಸಾಳ ತಲೆ ಕಡಿದಾಗ ಅವಳ ಕೊರಳಿನಿಂದ ಹುಟ್ಟಿದ ರೆಕ್ಕೆಯ ಕುದುರೆ ಪೆಗಾಸಸ್. ಕೊರಿಂಥದ ವೀರ ಬೆಲೆರೊಫೋನ್ ಅದನ್ನು ಹಿಡಿಯಲಾಗದೆ ಸೋತಾಗ ಕನಸಿನಲ್ಲಿ ಚಿನ್ನದ ಕಡಿವಾಣ ಕೊಟ್ಟವಳು ಅಥೀನಾ. ಸ್ಟೇಟರ್‌ನ ಒಂದು ಬದಿ ಕುದುರೆ, ಇನ್ನೊಂದು ಬದಿ ಅದನ್ನು ಪಳಗಿಸಲು ನೆರವಾದವಳು. ನಾಣ್ಯವನ್ನು ಜನ ‘ಕುದುರೆಮರಿ’ ಎಂದೇ ಕರೆಯುತ್ತಿದ್ದರು. ಇಲ್ಲಿ ಅಥೀನಾ ಇರುವುದು ಹಿಮ್ಮುಖದಲ್ಲಿ. ಮೂಗಿನ ಪಟ್ಟಿಯಿರುವ ಕೊರಿಂಥದ ಶಿರಸ್ತ್ರಾಣವನ್ನು ತಲೆಯ ಹಿಂದಕ್ಕೆ ಸರಿಸಿಕೊಂಡಿದ್ದಾಳೆ. ಕುದುರೆಯ ಕೆಳಗೆ ವೃತ್ತಕ್ಕೆ ಕಡ್ಡಿ ಚುಚ್ಚಿದಂಥ ಅಕ್ಷರ ‘ಕೊಪ್ಪಾ’ ಇದ್ದರೆ ಕೊರಿಂಥ. ಲ್ಯಾಂಬ್ಡಾ ಇದ್ದರೆ ಅದರ ವಸಾಹತು ಲ್ಯೂಕಾಸ್, ಆಲ್ಫಾ ಇದ್ದರೆ ಅಂಬ್ರಾಕಿಯಾ ಇರಬಹುದು. ಚಿತ್ರ ಒಂದೇ ಆದ್ದರಿಂದ ಇಲ್ಲಿ ಅಕ್ಷರವೇ ತೀರ್ಪು.

ಅಲೆಕ್ಸಾಂಡರನ ಟೆಟ್ರಾಡ್ರಾಕ್ಮ್‌ನಲ್ಲಿ ಸಿಂಹದ ತೊಗಲು ಹೊದ್ದವನು ಪುರಾಣದ ವೀರ ಹೆರಾಕ್ಲೀಸ್; ನೆಮಿಯಾದ ಸಿಂಹವನ್ನು ಕೊಂದವನು. ಹಿಮ್ಮುಖದಲ್ಲಿ ಪೀಠದ ಮೇಲೆ ಕೂತ ದೇವರಾಜ ಜ್ಯೂಸ್, ಕೈಯಲ್ಲಿ ಹದ್ದು. ಬರಹ ‘ಅಲೆಕ್ಸಾಂಡರನ’, ಷಷ್ಠೀ ವಿಭಕ್ತಿಯಲ್ಲಿ. ಹೆಸರು ಅವನದು, ಮುಖವಲ್ಲ! ನಿಜಕ್ಕೂ ಅಲೆಕ್ಸಾಂಡರನ ಮುಖ ಬೇಕಿದ್ದರೆ ಅವನ ನಂತರ ಆಳಿದ ಸೇನಾನಿ ಲೈಸಿಮಾಕಸ್‌ನ ನಾಣ್ಯ ನೋಡಿ. ಕಿವಿಯ ಸುತ್ತ ಆಮೊನ್ ದೇವನ ಟಗರಿನ ಕೊಂಬು ಸುತ್ತಿಕೊಂಡಿರುತ್ತದೆ.

ಅಥೀನಾಳ ಶಿರಸ್ತ್ರಾಣದ ಜುಟ್ಟು ಕಾಣದಿದ್ದರೆ ಸವೆದಿದೆ ಎನ್ನಬೇಡಿ. ಮುಮ್ಮುಖದ ಅಚ್ಚನ್ನು ಅಡೆಗಲ್ಲಿನಲ್ಲಿ ಕೂರಿಸಿ, ಕಾಯಿಸಿದ ಬೆಳ್ಳಿ ಬಿಲ್ಲೆ ಇಟ್ಟು, ಕೈಯಲ್ಲಿ ಹಿಡಿದ ಮೇಲಚ್ಚಿನ ಮೇಲೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆ ಅಚ್ಚಿಗಿಂತ ಚಿಕ್ಕದಾದರೆ ಅಥವಾ ಪಕ್ಕಕ್ಕೆ ಸರಿದರೆ ಜುಟ್ಟು ಹೊರಗೇ ಉಳಿಯುತ್ತದೆ. ಸವೆತವಾದರೆ ಮೊದಲು ನುಣುಪಾಗುವುದು ಎತ್ತರದ ಭಾಗಗಳಾದ ಕೆನ್ನೆ, ಮೂಗು.

ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳು ಕಂಡರೆ ಎರಕ ಹೊಯ್ದ ನಕಲಿ ಎಂದು ಶಂಕಿಸಿ. ಗೂಬೆಯ ಮೇಲೆ ಉಳಿಯ ಆಳವಾದ ಕಚ್ಚಿದ್ದರೆ ಅದು ಒಳಗೆ ತಾಮ್ರವಿದೆಯೇ ಎಂದು ಹಳೆಯ ಕಾಲದಲ್ಲೇ ನೋಡಿದ ಗುರುತು. ಕ್ರಿ.ಪೂ. 375/4ರ ಅಥೆನ್ಸಿನ ಕಾನೂನಿನಂತೆ ಮಾರುಕಟ್ಟೆಯಲ್ಲಿ ಕೂರುವ ಸರ್ಕಾರಿ ಪರೀಕ್ಷಕ ಒಳಗೆ ಕಂಚು ಅಥವಾ ಸೀಸವಿರುವ ನಾಣ್ಯವನ್ನು ಅಲ್ಲೇ ಅಡ್ಡ ಕತ್ತರಿಸಬೇಕಿತ್ತು. ಆ ನಾಣ್ಯ ದೇವತೆಗಳ ತಾಯಿಯ ಗುಡಿಗೆ ಸೇರುತ್ತಿತ್ತು.